ಬೂಟಿಲ್ಲದ ರಬ್ಬರ್ ಪ್ಯಾಂಟು

ಅಂದು ಬೆಳಿಗ್ಗೆಯೂ ಐದೂಕಾಲಿಗೇ ಎಚ್ಚರವಾಯಿತು. ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ರಾಗಿ ಗಂಜಿಗೆ ನೀರು ಇಟ್ಟು, ಬಾಗಿಲಿಗೆ ನೀರು ಹಾಕಿ, ಸಣ್ಣದೊಂದು ರಂಗೋಲಿ ಎಳೆದು ಒಳಗೆ ಬಂದೆ. ಇವರ ಶುಗರ್ ಮಾತ್ರೆಯನ್ನು ಪಟ್ಟಿಯಿಂದ ಬಿಡಿಸಿ ಬಟ್ಟಲಲ್ಲಿಟ್ಟೆ. ಆಮೇಲೆ ಹಿಂದಿನ ಸಂಜೆ ನೆನೆಸಿಟ್ಟಿದ್ದ ಕಡಲೆಕಾಯಿ ಹಿಂಡಿಗೆ ಅಕ್ಕಿ ತೌಡು ಕಲಸಿ ಉಂಡೆ ಕಟ್ಟಲು ಕೂತೆ. ಅದು ಕೆರೆಯ ಮೀನಿಗೆ ಮೇವು. "ನಂಗೊಂದು ಮುದ್ದೆ, ಮೀನಿಗೆ ಹದಿನಾರು ಮುದ್ದೆ. ಈ ಮನೇಲಿ ಯಾರ ಮೇಲೆ ಪ್ರೀತಿ ಜಾಸ್ತಿ ಅಂತ ಗೊತ್ತಾಗುತ್ತೆ ಬಿಡು" ಎಂದು ಇವರು ನಗುತ್ತಿದ್ದುದು ಆ ಹೊತ್ತಿನಲ್ಲೇ.

ಅಂದು ನಗಲಿಲ್ಲ. ಮಂಚದ ಮೇಲೆ ಕಂಬಳಿ ಹೊದ್ದು ಕೂತಿದ್ದರು. "ಯಾಕೋ ಚಳಿ ಕಣೇ" ಎಂದರು. ಕಾರ್ತಿಕದ ಕೊನೆ, ನಂದಿ ಬೆಟ್ಟದ ಕಡೆಯಿಂದ ಮಂಜು ಇಳಿಯುವ ದಿನಗಳು. ಎಲ್ಲರಿಗೂ ಚಳಿಯೇ. ನಾನು ಸ್ವೆಟರ್ ತೆಗೆದುಕೊಟ್ಟೆ.

ಹಿತ್ತಲ ತಂತಿಯ ಮೇಲೆ ಅವರ ರಬ್ಬರ್ ಪ್ಯಾಂಟು ತಲೆಕೆಳಗಾಗಿ ನೇತಾಡುತ್ತಿತ್ತು. ಎದೆಯವರೆಗೂ ಬರುವ, ಹೆಗಲಿಗೆ ಪಟ್ಟಿ ಹಾಕಿಕೊಳ್ಳುವ ಪ್ಯಾಂಟು. ನೀರಿನಲ್ಲಿ ನಿಂತು ಮೀನು ಹಿಡಿಯುವವರಿಗೆಂದೇ ಮಾಡಿದ್ದು. ಪಾದದ ಕಡೆ ಅದಕ್ಕೆ ಬೂಟಿಲ್ಲ. ದಪ್ಪನೆಯ ಕಾಲುಚೀಲದಂತೆ ಮುಗಿಯುತ್ತದೆ. ಅದನ್ನು ತೆಗೆಯಲು ಹೋದಾಗ ಒಂದು ನಾತ ಬಂತು. ಮೀನಿನ ಮನೆಯಲ್ಲಿ ನಾತಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಬಿಸಿಲು ಬಂದ ಮೇಲೆ ಸೋಪು ಹಾಕಿ ತೊಳೆದರಾಯಿತು ಅಂದುಕೊಂಡೆ.

ಗಂಜಿ ತಂದಾಗ ಇವರು ಬಚ್ಚಲಿಗೆ ಹೋಗಿ ಬಂದಿದ್ದರು. ನಡುಮನೆಯ ಕೆಂಪು ಗಾರೆಯ ಮೇಲೆ ಹೆಜ್ಜೆ ಗುರುತುಗಳಿದ್ದವು. ಒಂದೇ ಕಾಲಿನವು, ಬಲಗಾಲಿನವು. ಎಡಗಾಲು ಒಣಗಿದೆ, ಬಲಗಾಲು ಮಾತ್ರ ಹೇಗೆ ಒದ್ದೆ ಎಂದು ಒಂದು ಗಳಿಗೆ ಅನ್ನಿಸಿತು. ಬಟ್ಟೆ ತಂದು ಒರೆಸಿದೆ. ಬಟ್ಟೆಗೆ ಹತ್ತಿದ್ದು ನೀರಲ್ಲ. ತಿಳಿ ಹಳದಿ, ಅಂಚಿನಲ್ಲಿ ನಸುಗೆಂಪು. ಆ ನಾತ ಈಗ ನನ್ನ ಕೈಯಲ್ಲಿತ್ತು.

"ಕಾಲು ತೋರಿಸಿ ಇಲ್ಲಿ" ಎಂದೆ.

"ಬಿಡೇ, ಬೆಳಿಗ್ಗೆ ಬೆಳಿಗ್ಗೆ ಏನು. ಬಾಗಿಲು ತೆಗೆದಿದೆ, ಯಾರಾದ್ರೂ ನೋಡ್ತಾರೆ."

ನಾನು ನೆಲದ ಮೇಲೆ ಕೂತು ಅವರ ಬಲಗಾಲನ್ನು ನನ್ನ ಮಡಿಲಿಗೆ ಎತ್ತಿಕೊಂಡೆ. ಹೆಬ್ಬೆರಳಿನ ಕೆಳಗೆ, ಅಂಗಾಲಿನಲ್ಲಿ, ಒಂದು ರಂಧ್ರ. ಸುತ್ತಲೂ ಚರ್ಮ ಬೆಳ್ಳಗೆ ಉಬ್ಬಿ ಸುಲಿದುಕೊಂಡಿತ್ತು. ಹೆಬ್ಬೆರಳೂ ಪಕ್ಕದ ಬೆರಳೂ ಕಪ್ಪಾಗಿದ್ದವು. ಬೆರಳಿಟ್ಟು ಒತ್ತಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಏನಾದ್ರೂ ಆಗಿದ್ಯಾ?" ಎಂದು ಕೇಳಿದರು. ನಾನು ಒತ್ತಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಇಲ್ಲಿ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ಆ ಪ್ಯಾಂಟು ಮನೆಗೆ ಬಂದದ್ದು ಹೇಗೆ ಎಂದು ಹೇಳದಿದ್ದರೆ ಉಳಿದದ್ದು ಹೇಳಿಯೂ ಉಪಯೋಗವಿಲ್ಲ.

ಇವರದು ಕೆರೆಯಲ್ಲಿ ಬಲೆ ಬೀಸಿ ಬದುಕಿದ ಮನೆತನ. ಇವರು ಹುಡುಗರಾಗಿದ್ದಾಗಲೇ ನಮ್ಮ ಕಡೆಯ ಕೆರೆಗಳು ಒಂದೊಂದಾಗಿ ಬತ್ತಿದವು. ಬಲೆಗಳು ಅಟ್ಟ ಸೇರಿದವು. ಇವರು ಓದಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತರಾದರು. ಚಿಂತಾಮಣಿಯ ಕಾನ್ವೆಂಟಿನಲ್ಲಿ ಓದಿದ ನನ್ನನ್ನು ಕೊಟ್ಟದ್ದು ಗುಮಾಸ್ತರಿಗೆ, ಮೀನಿನವರಿಗಲ್ಲ. ಕೆರೆಯ ಅಂಗಳದಲ್ಲಿ ಬಳ್ಳಾರಿ ಜಾಲಿ ಆಳೆತ್ತರ ಬೆಳೆಯಿತು. ನಮ್ಮ ಮಗಳು ಕೆರೆ ಎಂದರೆ ಜಾಲಿಕಾಡು ಎಂದೇ ತಿಳಿದು ಬೆಳೆದಳು. ಇವರು ನಿವೃತ್ತರಾಗುವ ಹೊತ್ತಿಗೆ ನೀರು ಬಂತು. ಪೈಪಿನಲ್ಲಿ ಹಾಯಿಸಿದ್ದೂ ಬಂತು, ಒಂದು ವರ್ಷ ಮಳೆಯೂ ಹುಚ್ಚೆದ್ದು ಸುರಿಯಿತು. ಕೋಡಿ ಹರಿದ ದಿನ ಇವರು ಏರಿಯ ಮೇಲೆ ನಿಂತು ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆರು ಜನ ಸೇರಿ ಮೀನು ಸಾಕಲು ಕೆರೆಯನ್ನು ಗುತ್ತಿಗೆ ಹಿಡಿದರು. ಪಿಂಚಣಿ ತೆಗೆದುಕೊಂಡು ಜಗಲಿಯ ಮೇಲೆ ಪೇಪರ್ ಓದಬೇಕಾದ ಮನುಷ್ಯ ಎದೆಮಟ್ಟ ನೀರಿನಲ್ಲಿ ನಿಂತು ಮೀನುಮರಿಗಳೊಂದಿಗೆ ಮಾತಾಡತೊಡಗಿದರು.

ಆದರೆ ಶುಗರ್ ಅವರ ಪಾದಗಳ ಸ್ಪರ್ಶವನ್ನು ಆಗಲೇ ತಿಂದುಹಾಕಿತ್ತು. ಚಪ್ಪಲಿ ಕಾಲಿನಿಂದ ಜಾರಿದರೂ ತಿಳಿಯದೆ ಬರಿಗಾಲಲ್ಲಿ ಮನೆಗೆ ಬಂದುಬಿಡುತ್ತಿದ್ದರು. ಒಮ್ಮೆ ಕಿರುಬೆರಳಲ್ಲಿ ಹುಣ್ಣಾಗಿ ಎರಡು ತಿಂಗಳು ಮಾಯಲಿಲ್ಲ. ಚಿಕ್ಕಬಳ್ಳಾಪುರದ ಡಾಕ್ಟರು, "ಕಾಲಿಗೆ ಕೆರೆ ನೀರು ಸೋಕಬಾರದು. ದಿನಾ ರಾತ್ರಿ ಯಾರಾದ್ರೂ ಅಂಗಾಲು ನೋಡ್ಬೇಕು" ಎಂದರು. ನೋಡುವ ಕೆಲಸ ನನ್ನದಾಯಿತು. ನೀರು ಸೋಕಬಾರದು ಎಂದದ್ದಕ್ಕೆ ಮಾತ್ರ ನಾಲ್ಕು ದಿನ ಇವರು ಮಾತು ಬಿಟ್ಟರು. ಜಗಳವಾಡಿದ್ದರೆ ತಡೆಯಬಹುದಿತ್ತು. ತಟ್ಟೆಯ ಮುಂದೆ ಕೂತು ಮುದ್ದೆಯನ್ನು ಸುಮ್ಮನೆ ನೋಡುತ್ತಿದ್ದರು.

ಫೋನಿನಲ್ಲಿ ಯಾವುದೋ ದೇಶದವರು ಹೊಳೆಯಲ್ಲಿ ಮೀನು ಹಿಡಿಯುವ ವಿಡಿಯೋ ನೋಡಿ ಆ ಪ್ಯಾಂಟನ್ನು ಕಂಡುಹಿಡಿದವಳು ನಾನೇ. ಶ್ರಾವಣದ ಒಂದು ಭಾನುವಾರ, ಗೌರಿಬಿದನೂರಿನಲ್ಲಿ ಮೇಷ್ಟ್ರು ಕೆಲಸದಲ್ಲಿರುವ ಮಗಳು ಬಂದಿದ್ದಳು. ಮೂವರೂ ನಡುಮನೆಯಲ್ಲಿ ಫೋನಿನ ಸುತ್ತ ಕೂತೆವು. ಆ ಪ್ಯಾಂಟಿನಲ್ಲಿ ಎರಡು ಜಾತಿ. ಒಂದರಲ್ಲಿ ಬೂಟು ಪ್ಯಾಂಟಿಗೇ ಅಂಟಿಕೊಂಡಿರುತ್ತದೆ, ಒಂದೇ ಸಲಕ್ಕೆ ಕಾಲು ತೂರಿಸಿದರಾಯಿತು. ಇನ್ನೊಂದು ಕಾಲುಚೀಲದಂತೆ ಮುಗಿಯುತ್ತದೆ, ಅದರ ಮೇಲೆ ಲೇಸಿನ ಬೂಟು ಬೇರೆ ಕೊಂಡು ಹಾಕಿಕೊಳ್ಳಬೇಕು. ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ.

"ಬೂಟ್ಸ್ ಅಂಟ್ಕೊಂಡಿರೋದೇ ತಗೋಮ್ಮ" ಎಂದಳು ಮಗಳು. "ಅಪ್ಪಂಗೆ ಬಗ್ಗಿ ಲೇಸ್ ಕಟ್ಕೊಳ್ಳೋಕಾಗಲ್ಲ. ಇದಾದ್ರೆ ಸರ್ರಂತ ಹಾಕ್ಕೊಂಡು ಹೋಗ್ತಾರೆ."

ಇವರು ಫೋನಿನತ್ತ ಬಗ್ಗಿ, "ಅದು ಕಳಚೋಕೆ ಬರಲ್ವಾ?" ಎಂದರು.

"ಯಾಕಪ್ಪ ಕಳಚಬೇಕು?"

"ಅಲ್ಲಮ್ಮ, ಬೂಟ್ಸ್ ಹಾಕ್ಕೊಂಡು ಗಂಗಮ್ಮನೊಳಕ್ಕೆ ಹೆಂಗೆ ಇಳಿಯೋದು?"

ಮಗಳು ನಕ್ಕುಬಿಟ್ಟಳು. "ಗಂಗಮ್ಮಂಗೆ ಒಂದು ಅರ್ಜಿ ಹಾಕಪ್ಪ. ಮೆಡಿಕಲ್ ಸರ್ಟಿಫಿಕೇಟ್ ಜೊತೇಲಿಡು."

ಇವರೂ ನಕ್ಕರು. ಆದರೆ ನಗುವಾಗ ಕೈಯ ಹೆಬ್ಬೆರಳಿನಿಂದ ಮಂಡಿ ಉಜ್ಜಿಕೊಳ್ಳುತ್ತಿದ್ದರು. ಮನಸ್ಸಿಗೆ ಒಗ್ಗದ್ದಕ್ಕೆ ಹೂಂ ಅನ್ನುವ ಮುಂಚೆ ಅವರು ಹಾಗೆ ಮಾಡುತ್ತಾರೆ. ಅವರ ಮನೆತನದಲ್ಲಿ ಯಾರೂ ಕಾಲಿಗೆ ಏನನ್ನೂ ಹಾಕಿಕೊಂಡು ಕೆರೆಗೆ ಇಳಿದವರಲ್ಲ. ತೂಬಿನ ಪಕ್ಕದ ಬೇವಿನ ಮರದಡಿ ಚಪ್ಪಲಿ ಬಿಟ್ಟು, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲಗಾಲು ಮುಂದಿಟ್ಟು ಇಳಿಯುವುದು. ನಮ್ಮತ್ತೆ ಬದುಕಿದ್ದಾಗ, ಬತ್ತಿದ ಕೆರೆಯಂಗಳಕ್ಕೆ ಸೌದೆಗೆ ಹೋಗುವಾಗಲೂ ಚಪ್ಪಲಿ ಏರಿಯ ಮೇಲೇ ಬಿಟ್ಟು ಜಾಲಿ ಮುಳ್ಳಿನ ಮೇಲೆ ನಡೆಯುತ್ತಿದ್ದರು. "ತಾಯಿ ಈಗ ಮಲಗವ್ಳೆ, ಎಲ್ಲಿಗೂ ಹೋಗಿಲ್ಲ" ಎನ್ನುತ್ತಿದ್ದರು.

ಕಾಲುಚೀಲದ ಜಾತಿಯದಾದರೆ ನೀರಿನ ಅಂಚಿನಲ್ಲಿ ಬೂಟು ಬಿಚ್ಚಿಟ್ಟು ಇಳಿಯಬಹುದು ಎಂಬುದು ನಮ್ಮಿಬ್ಬರಿಗೂ ಒಂದೇ ಸಲ ಹೊಳೆಯಿತು. ಮಗಳಿಗೆ ಹೊಳೆಯಲಿಲ್ಲ. ಅವರು ನನ್ನ ಕಡೆ ನೋಡಿದರು. ಬಾಯಿಬಿಟ್ಟು ಕೇಳಲಿಲ್ಲ.

ಓದಲು ಹಿಡಿದದ್ದನ್ನು ಕೊನೆಯ ಚುಕ್ಕಿಯವರೆಗೂ ಓದಬೇಕೆಂದು ಕಾನ್ವೆಂಟಿನ ಸಿಸ್ಟರ್ ನಮಗೆ ಅಭ್ಯಾಸ ಮಾಡಿಸಿದ್ದರು. ಅಂದೂ ಓದಿದೆ. ಪುಟದ ಕೆಳಗೆ ಸಣ್ಣಕ್ಷರದ ಇಂಗ್ಲಿಷಿನಲ್ಲಿ ಇತ್ತು: ಈ ಕಾಲುಚೀಲ ಬೂಟಿನೊಳಗೆ ಇರಬೇಕಾದ್ದು, ಬೂಟಿಲ್ಲದೆ ಇದರ ಮೇಲೆ ನಡೆಯಬಾರದು, ಚೂಪಾದದ್ದು ತಾಕಿದರೆ ತೂತು ಬೀಳುತ್ತದೆ. ಅದೊಂದನ್ನು ನಾನು ಮನಸ್ಸಿನಲ್ಲೇ ಓದಿಕೊಂಡೆ. ಕನ್ನಡದಲ್ಲಿ ಹೇಳಲಿಲ್ಲ. "ಇದೇ ಇರಲಿ ಬಿಡು. ಲೇಸು ನಾನು ಕಟ್ಟಿ ಕಳಿಸ್ತೀನಿ" ಎಂದೆ. ಮಂಡಿ ಉಜ್ಜುತ್ತಿದ್ದ ಇವರ ಹೆಬ್ಬೆರಳು ನಿಂತಿತು.

ಮರೆತೆನೆಂದು ಹೇಳಿಕೊಳ್ಳಲು ನನಗೆ ಅವಕಾಶವಿಲ್ಲ. ಕೆರೆಯ ತಳದಲ್ಲಿ ಇರುವುದು ಮೆತ್ತನೆ ಕೆಸರಲ್ಲವೇ, ಮೆತ್ತಗೆ ಇಳಿದು ಬರುತ್ತಾರೆ, ನಾಲ್ಕು ದಿನ ಮಾತು ಬಿಟ್ಟವರ ಮುಖದಲ್ಲಿ ಈಗ ತಾನೇ ಬೆಳಕು ಬಂದಿದೆ, ಈ ಒಂದು ಸಾಲಿನಿಂದ ಅದನ್ನು ಯಾಕೆ ಆರಿಸಲಿ ಎಂದು ಲೆಕ್ಕ ಹಾಕಿಯೇ ಸುಮ್ಮನಾದೆ. ಆ ಕೆಸರಿನಡಿ ಮೂವತ್ತು ವರ್ಷದ ಜಾಲಿಕಾಡು ಮುಳುಗಿ ಕೂತಿದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ.

ಪ್ಯಾಂಟು ಬಂತು, ಬೂಟುಗಳೂ ಬಂದವು. ಮೊದಲ ವಾರ ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕೂತು ಲೇಸು ಕಟ್ಟಿದೆ. ಶಾಲೆಗೆ ಹೊರಟ ಮಗುವಿನಂತೆ ಅವರು ಬೀದಿಯ ಎರಡೂ ಕಡೆ ನೋಡುತ್ತಾ ಕಾಲು ಮುಂದೆ ಮಾಡುತ್ತಿದ್ದರು. ಕೆರೆಯ ಹತ್ತಿರ ಜೊತೆಗಾರರು ಬಿಡಲಿಲ್ಲವಂತೆ. "ಏನಣ್ಣೋ, ಚಂದ್ರಲೋಕಕ್ಕೆ ಬಸ್ಸು ಎಷ್ಟೊತ್ತಿಗೆ?" ಎಂದು ಒಬ್ಬರು, "ಪೆಳ್ಳಿಕೊಡುಕು ವಚ್ಚಾಡು, ಮೇಳ ಊದ್ರಪ್ಪೋ" ಎಂದು ಮದುಮಗನನ್ನು ಕರೆದಂತೆ ತೆಲುಗಿನಲ್ಲಿ ಇನ್ನೊಬ್ಬರು. ಇವರು ಅದನ್ನೆಲ್ಲ ಮನೆಗೆ ಬಂದು ಅಭಿನಯಿಸಿ ತೋರಿಸಿ ನಗಿಸುತ್ತಿದ್ದರು. ಬೇವಿನ ಮರದಡಿ ಬೂಟು ಬಿಚ್ಚುವುದು, ಕಾಲುಚೀಲದಲ್ಲೇ ಇಳಿಯುವುದು. ಎರಡನೇ ವಾರಕ್ಕೆ, ಬಿಚ್ಚಲೆಂದೇ ಯಾಕೆ ಕಟ್ಟುವುದು ಎಂದು ಬೂಟನ್ನು ಮಂಚದ ಕೆಳಗೆ ತಳ್ಳಿದರು. ನಾನೂ ಬೇಡ ಅನ್ನಲಿಲ್ಲ. ದಿನಾ ರಾತ್ರಿ ಅಂಗಾಲು ನೋಡುವುದನ್ನೂ ನಿಧಾನಕ್ಕೆ ಬಿಟ್ಟೆ. ಅಷ್ಟು ದಪ್ಪ ಚೀಲದೊಳಗಿದ್ದ ಕಾಲಿಗೆ ಏನಾಗುತ್ತದೆ ಎಂಬ ಧೈರ್ಯ. ದೀಪಾವಳಿ ಕಳೆದ ಮೇಲೆ ಪ್ಯಾಂಟನ್ನು ಒಣಹಾಕುವಾಗ ಬಲಗಡೆ ಚೀಲದೊಳಗೆ ತೇವವಿರುತ್ತಿತ್ತು. ಬೆವರು ಅಂದುಕೊಂಡೆ.

ಅಂದು ಬೆಳಿಗ್ಗೆ ಬೀದಿಯ ಕೊನೆಯ ಆಟೋದಲ್ಲಿ ಶಿಡ್ಲಘಟ್ಟಕ್ಕೆ ಹೋದೆವು. ಅಲ್ಲಿ ಬ್ಯಾಂಡೇಜು ಸುತ್ತಿ, ಮುಖ ಗಂಭೀರ ಮಾಡಿ, ತಡ ಮಾಡಬೇಡಿ ಎಂದು ಚಿಕ್ಕಬಳ್ಳಾಪುರಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಇವರಿಗೆ ಮೀನಿನ ಚಿಂತೆ. "ಉಂಡೆ ಕಟ್ಟಿಟ್ಟು ಬಂದ್ಯಲ್ಲ, ಹುಳಿ ಬಂದ್ಬಿಡುತ್ತೆ. ಯಾರಿಗಾದ್ರೂ ಫೋನ್ ಮಾಡು, ತಗೊಂಡೋಗಿ ಹಾಕ್ತಾರೆ." ನಾನು ಫೋನು ಮಾಡಿದೆ. ಮಾಡುವಾಗ ನನ್ನ ಉಗುರಿನ ಸಂದಿಯಲ್ಲಿ ಹಿಂಡಿ ಇನ್ನೂ ಅಂಟಿಕೊಂಡಿತ್ತು.

ಆಸ್ಪತ್ರೆಯಲ್ಲಿ ವಯಸ್ಸಿನಲ್ಲಿ ಚಿಕ್ಕವರಾದ ಸರ್ಜನ್ ಒಬ್ಬರು ಬ್ಯಾಂಡೇಜು ಬಿಚ್ಚಿ ನೋಡಿದರು. ಚಿಮಟ ಹಾಕಿ ಆ ರಂಧ್ರದೊಳಗಿಂದ ಕಪ್ಪು ಕಡ್ಡಿಯಂಥದ್ದನ್ನು ಎಳೆದು ತಟ್ಟೆಯಲ್ಲಿಟ್ಟರು. ಅರ್ಧ ಬೆರಳುದ್ದದ ಜಾಲಿ ಮುಳ್ಳು. ನೀರಿನಲ್ಲಿ ನೆನೆದು ಕಪ್ಪಾಗಿತ್ತು. ಇವರು ಕತ್ತೆತ್ತಿ ಅದನ್ನು ನೋಡಿ, ಯಾರದೋ ಕಾಲಿನಿಂದ ತೆಗೆದದ್ದೇನೋ ಎಂಬಂತೆ, "ಅಬ್ಬಾ, ಎಷ್ಟುದ್ದ ಇದೆ" ಎಂದರು.

"ಎಷ್ಟು ದಿನದಿಂದ ಹಿಂಗಿದೆಯಮ್ಮ?" ಎಂದು ಸರ್ಜನ್ ಕೇಳಿದರು.

"ಇವತ್ತೇ ನೋಡಿದ್ದು."

"ದಿನಾ ಕಾಲು ನೋಡ್ಬೇಕು ಅಂತ ನಿಮಗೆ ಯಾರೂ ಹೇಳಿರ್ಲಿಲ್ವಾ?"

"ಹೇಳಿದ್ರು" ಎಂದೆ.

ಅವರು ಬೈಯಲಿಲ್ಲ. ಕೈಗವಸು ಕಳಚಿ ಬುಟ್ಟಿಗೆ ಹಾಕಿ ನನ್ನನ್ನು ಹೊರಗೆ ಕರೆದರು. ಬೆರಳುಗಳನ್ನಷ್ಟೇ ತೆಗೆದರೆ ಸಾಲದು, ವಿಷ ಮೇಲೇರಿದೆ, ನಾಳೆ ಬೆಳಿಗ್ಗೆಯೇ ಮಂಡಿಯ ಕೆಳಗೆ ಕಾಲನ್ನೇ ತೆಗೆಯಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ ಎಂದರು. ಅವರ ಜೇಬಿನಲ್ಲಿ ಎರಡು ಪೆನ್ನುಗಳಿದ್ದವು, ಒಂದಕ್ಕೆ ಮುಚ್ಚಳವಿರಲಿಲ್ಲ, ಅಲ್ಲಿ ಬಟ್ಟೆಯ ಮೇಲೆ ಸಣ್ಣ ನೀಲಿ ಚುಕ್ಕೆ. ಅವರು ಮಾತು ಮುಗಿಸುವವರೆಗೂ ನಾನು ಆ ಚುಕ್ಕೆಯನ್ನೇ ನೋಡುತ್ತಿದ್ದೆ.

ಮಧ್ಯಾಹ್ನಕ್ಕೆ ಮಗಳು ಮಂಚೇನಹಳ್ಳಿ ಮೇಲಿನ ಬಸ್ಸು ಹಿಡಿದು ಬಂದಳು. ಸೀರೆಯ ಮೇಲೆ ಇನ್ನೂ ಸೀಮೆಸುಣ್ಣದ ಪುಡಿ. ಅಪ್ಪನ ಕೈ ಹಿಡಿದು ಕೂತು, ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕೇಳಿದಳು: "ಅಮ್ಮ, ಬೂಟ್ಸ್ ತರಿಸಿದ್ವಲ್ಲ. ಹಾಕ್ಕೋತಿರ್ಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಇವರು, "ನಾನೇ ಕಣಮ್ಮ ಬಿಚ್ಚಿಡ್ತಿದ್ದೆ. ನಿಮ್ಮಮ್ಮಂಗೇನು ಗೊತ್ತು" ಎಂದರು.

ಅವಳು ಮಾತ್ರೆ ತರಲು ಹೊರಗೆ ಹೋದಳು. ವಾರ್ಡಿನಲ್ಲಿ ಫ್ಯಾನು ಒಂದು ಸುತ್ತಿಗೊಮ್ಮೆ ಕಟಕ್ ಎನ್ನುತ್ತಿತ್ತು. ನಾನು ಅವರ ತಲೆಯ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದೆ.

"ರೀ, ಅದರಲ್ಲಿ ಬರೆದಿತ್ತು" ಎಂದೆ.

"ಏನು?"

"ಬೂಟಿಲ್ಲದೆ ನಡೀಬಾರದು, ತೂತು ಬೀಳುತ್ತೆ ಅಂತ. ಕೆಳಗೆ ಬರೆದಿತ್ತು. ನಾನು ಓದಿದ್ದೆ. ನಿಮಗೆ ಹೇಳಲಿಲ್ಲ."

ಅವರು ಛಾವಣಿ ನೋಡುತ್ತಾ ಮಲಗಿದ್ದರು. ಕೋಪ ಮಾಡಿಕೊಳ್ಳುತ್ತಾರೆ ಎಂದು ಕಾದೆ. ಕೋಪವಾದರೂ ಬರಲಿ ಎಂದು ಕಾದೆ. "ಹೇಳಿದ್ರೆ ನಾನು ಕೇಳ್ತಿದ್ನೇನೋ" ಎಂದರು. ಅಷ್ಟೇ. ಕೇಳುತ್ತಿರಲಿಲ್ಲ ಎಂದು ಅವರು ಹೇಳಬಹುದಿತ್ತು, ನನ್ನ ಸಮಾಧಾನಕ್ಕಾದರೂ. ನಮ್ಮ ಮೂವತ್ತೊಂದು ವರ್ಷಗಳ ಸಂಸಾರದಲ್ಲಿ ಅವರು ನನಗೆ ಸುಳ್ಳು ಹೇಳಿದವರಲ್ಲ. ಆಮೇಲೆ ಕೈ ಚಾಚಿ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಮದುವೆಯಾದ ಹೊಸದರಲ್ಲಿ ಬಸ್ಸಿನ ಜನಜಂಗುಳಿಯಲ್ಲಿ ಹಾಗೆ ಮಾಡುತ್ತಿದ್ದರು, ನಾನು ಎಲ್ಲೋ ಕಳೆದುಹೋಗುತ್ತೇನೆಂದು.

"ಯಾವ ಕಾಲು ಅಂದ್ರು? ಬಲಗಾಲಾ?" ಎಂದು ಕೇಳಿದರು.

"ಹೂಂ."

"ಇನ್ನು ಕೆರೆಗೆ ಇಳಿಯೋ ಹಂಗಿಲ್ಲ ಅನ್ನು."

ಅವರು ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಂಡರು. ಸೆರಗು ಮಾತ್ರ ಬಿಡಲಿಲ್ಲ. ನರ್ಸು ಬಂದು ಸಲೈನಿನ ಬಾಟಲಿ ಬದಲಿಸುವವರೆಗೂ ನಾನು ಬಗ್ಗಿಕೊಂಡೇ ಕೂತಿದ್ದೆ.

ಸಂಜೆ ಮಗಳು ಆಸ್ಪತ್ರೆಯಲ್ಲಿ ಉಳಿದಳು. ಅವರ ಬಟ್ಟೆ, ಡಾಕ್ಟರ ಹಳೆಯ ಚೀಟಿಗಳು, ಆಧಾರ್ ಕಾರ್ಡು ತರಲೆಂದು ನಾನು ಬಸ್ಸು ಹಿಡಿದು ಮನೆಗೆ ಬಂದೆ. ಬೆಳಿಗ್ಗೆ ಹಾಕಿದ ರಂಗೋಲಿಯ ಮೇಲೆ ಆಟೋದ ಚಕ್ರ ಹಾದುಹೋಗಿತ್ತು. ಒಳಗೆ ಮುಟ್ಟದ ಗಂಜಿ ಕೆನೆಗಟ್ಟಿತ್ತು. ಜೊತೆಗಾರರು ಯಾರೋ ಬಂದು ಜಗಲಿಯಲ್ಲಿದ್ದ ಉಂಡೆಗಳನ್ನು ತೆಗೆದುಕೊಂಡು ಹೋಗಿದ್ದರು, ಬೇಸಿನ್ ತೊಳೆದು ಬೋರಲು ಹಾಕಿದ್ದರು. ಪಂಚೆ, ಟವೆಲು, ಸ್ವೆಟರು ಚೀಲಕ್ಕೆ ತುಂಬಿದೆ. ಅವರ ಕಾಲುಚೀಲಗಳ ಜೊತೆಯೊಂದು ಕೈಗೆ ಸಿಕ್ಕಿತು. ಎರಡನ್ನೂ ತೆಗೆದುಕೊಳ್ಳಬೇಕೋ ಒಂದನ್ನೋ ಎಂದು ತಿಳಿಯದೆ ಬೀರುವಿನ ಮುಂದೆ ನಿಂತುಬಿಟ್ಟೆ. ಕೊನೆಗೆ ಎರಡನ್ನೂ ಒಳಗೇ ಇಟ್ಟು ಬಾಗಿಲು ಮುಚ್ಚಿದೆ.

ಬೀಗ ಹಾಕಿ ಹೊರಡುವ ಹೊತ್ತಿಗೆ ಪಕ್ಕದ ಮನೆಯಾಕೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ಬರುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಮುಂಜಾನೆ ಮೊದಲ ಬಸ್ಸಿಗೇ ಮುರುಗಮಲ್ಲದ ದರ್ಗಾಕ್ಕೆ ಹರಕೆ ತೀರಿಸಲು ಹೋಗಿದ್ದವರು, ಈಗಷ್ಟೇ ಇಳಿದಿದ್ದರು. ಇಲ್ಲಿ ನಡೆದದ್ದೇನೂ ಅವರಿಗೆ ತಿಳಿದಿರಲಿಲ್ಲ. ಹೇಳಬೇಕೆಂದು ಚೀಲ ಕೆಳಗಿಟ್ಟೆ.

"ಏಮ್ಮಾ, ಊರಿಗಾ ಹೊಂಟಿದ್ದು? ಮಗಳ ಮನೇಗಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗೆ ತುರುಕಿದರು. "ದರ್ಗಾದಲ್ಲಿ ಫಾತಿಹಾ ಓದಿಸ್ಕೊಂಡು ಬಂದ ಸಕ್ರೆ. ನೀನು ಬಾಯಿಗ್ ಹಾಕ್ಕೋ. ನಿಮ್ಮೋರಿಗ್ ಮಾತ್ರ ಕೊಟ್ಟೀಯಾ, ಮೊದ್ಲೇ ಶುಗರ್ರು." ಆಮೇಲೆ ಅವರ ಮನೆಯ ಮೆಟ್ಟಿಲು ಹತ್ತುತ್ತಾ, ಬೀಗದಕೈಗಾಗಿ ಸೊಂಟ ತಡಕುತ್ತಾ, ತಿರುಗಿ ಹೇಳಿದರು:

"ಹಾಂ, ಮರ್ತೇ ಹೋಗಿತ್ತು ನೋಡಮ್ಮ. ನಮ್ ಯಜಮಾನ್ರೂ ದಿನಾ ಸೇವಂತಿಗೆ ತೋಟಕ್ಕೆ ನೀರು ಕಟ್ಟಿ ಕಟ್ಟಿ ಕಾಲೆಲ್ಲ ಒಡ್ಕೊಂಡವ್ರೆ. ನಿಮ್ಮೋರು ಹಾಕ್ಕೋತಾರಲ್ಲ, ಅಂಥದ್ದೇ ಒಂದು ಫೋನಲ್ಲಿ ತರಿಸ್ಕೊಡು. ಆ ಬೂಟ್ಸು ಗೀಟ್ಸು ಏನೂ ಬೇಡ, ಬರೀ ಪ್ಯಾಂಟು ಸಾಕು."